ಅಲ್ಲ ಅಲ್ಲ, ಐರಿಸ್

ಗಣಿತದ ಟೀಚರ್ ಕೆಲಸದಿಂದ ನಾನು ನಿವೃತ್ತಳಾದ ವರ್ಷ ನಮ್ಮ ಶಾಲೆಯ ಆರು ಜನ ಹೆಂಗಸರು ಸೇರಿ ಹಿಮಾಚಲಕ್ಕೆ ಹೋಗಿದ್ದೆವು. ಉಳಿದವರು ಅಲ್ಲಿಂದ ಶಾಲು, ಸ್ವೆಟರು, ಒಣ ಹಣ್ಣು ತಂದರು. ನಾನು ಮೂರು ಗಡ್ಡೆ ತಂದೆ.

ನಾವು ಇಳಿದುಕೊಂಡಿದ್ದ ಮನೆಯ ಅಂಗಳದ ತುಂಬ ಐರಿಸ್ ಅರಳಿತ್ತು. ನೇರಳೆ ಬಣ್ಣದ ಹೂವು, ನನ್ನ ಅಂಗೈಯಷ್ಟು ದೊಡ್ಡದು. ಮೂರು ಎಸಳು ಮೇಲಕ್ಕೆ ನಿಂತು, ಮೂರು ಕೆಳಕ್ಕೆ ನಾಲಗೆ ಚಾಚಿದ ಹಾಗೆ ಇಳಿಬಿದ್ದು, ಆ ಒಂದೊಂದು ನಾಲಗೆಯ ಮೇಲೂ ಹಳದಿ ಗಡ್ಡ. ನೋಡಲು ಕಂಬಳಿಹುಳ ಮಲಗಿದಂತೆ, ಮುಟ್ಟಿದರೆ ರೇಷ್ಮೆ. ಎಲ್ಲರೂ ಹಿಮದ ಗುಡ್ಡ ನೋಡಲು ಹೋದರೆ ನಾನು ಎರಡು ದಿನ ಆ ಗಡ್ಡವನ್ನೇ ನೋಡುತ್ತ ಕೂತೆ. ಹೊರಡುವ ದಿನ ಮನೆಯೊಡತಿ ಪಾಪ ಅನ್ನಿಸಿ ಮೂರು ಗಡ್ಡೆ ಕಿತ್ತು, ಹಳೆ ಪೇಪರಿನಲ್ಲಿ ಸುತ್ತಿ ಕೊಟ್ಟಳು. ಅರ್ಧ ಮೈ ಮಣ್ಣಿನೊಳಗಿರಲಿ, ಬೆನ್ನಿಗೆ ಬಿಸಿಲು ಬೀಳಲಿ, ನೀರು ಮಾತ್ರ ಹೆಚ್ಚು ಬೇಡ ಎಂದು ಹಿಂದಿಯಲ್ಲಿ ಹೇಳಿದಳು. ಆಮೇಲೆ ಯಾವೂರು ಎಂದು ಕೇಳಿದಳು. ಹೈದರಾಬಾದ್ ಅಂದೆ. "ಹಾಗಾದರೆ ಬಿಸಿಲಿಗೇನೂ ಕೊರತೆ ಇಲ್ಲ," ಅಂದು ನಕ್ಕಳು. ಈ ಗಿಡಕ್ಕೆ ಚಳಿಯೂ ಬೇಕು ಅನ್ನುವ ವಿಷಯ ಎತ್ತಲಿಲ್ಲ. ನನ್ನ ಮುಖ ನೋಡಿ ಮನಸ್ಸು ಬರಲಿಲ್ಲವೋ ಏನೋ.

ನಮ್ಮ ಮನೆಯಲ್ಲಿರುವುದು ಮೂರೇ ಜನ: ನಾನು, ನನ್ನ ಗಂಡ, ಗಂಡನ ಅಕ್ಕ. ಕಲಬುರಗಿ ಕಡೆಯಿಂದ ಮಾವನವರ ಕಾಲಕ್ಕೆ ನೌಕರಿಗೆಂದು ಇಲ್ಲಿಗೆ ಬಂದ ಮನೆತನ ನಮ್ಮದು. ಗೇಟಿನ ಹೊರಗೆ ತೆಲುಗು, ಹಿಂದಿ. ಒಳಗೆ ಬಂದರೆ ಕನ್ನಡ. ಅಕ್ಕನಿಗೆ ಎಂಬತ್ತರ ಹತ್ತಿರ ವಯಸ್ಸು. ಅಡುಗೆಮನೆಯಲ್ಲಿ ಅವರದೇ ಹುಕುಂ. ಗಂಡ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಮೂವತ್ತೆರಡು ವರ್ಷ ಒಣ ನೆಲಕ್ಕೆ ನೀರು ಮುಟ್ಟಿಸುವುದೊಂದೇ ಧ್ಯಾಸ. ಅಂಥ ಮನೆಗೆ ನಾನು ನೀರು ಬೇಡದ ಗಿಡ ತಂದಿದ್ದೆ.

ಪೊಟ್ಟಣ ಬಿಚ್ಚಿದ ಕೂಡಲೇ ಅಕ್ಕ ಒಂದು ಗಡ್ಡೆ ಎತ್ತಿ ಮೂಸಿ ನೋಡಿದರು.

"ಅಲ್ಲ ಏನ ತಂಗಿ ಇದು?"

ನಮ್ಮ ಕಡೆ ಹಸಿ ಶುಂಠಿಗೆ ಅಲ್ಲ ಅಂತಾರೆ. ಹಾಗಾಗಿ ಉತ್ತರ ಕೊಡುವುದೇ ಕಷ್ಟ.

"ಅಲ್ಲ ಅಲ್ರಿ ಅಕ್ಕಾ."

"ಅದನ್ನ ಕೇಳಾಕತ್ತೀನಿ. ಅಲ್ಲ ಹೌದೋ ಅಲ್ಲೋ?"

"ಹೂವಿನ ಗಡ್ಡಿ ಅದು."

"ಮತ್ತ ಥೇಟ್ ಅಲ್ಲದಂಗ ಐತಿ!" ಅಂದು, ನಂಬಿಕೆ ಬಾರದ ಮುಖ ಮಾಡಿ ಕೆಳಗಿಟ್ಟರು.

ನಮ್ಮ ಮನೆಯ ಮುಂದೆ, ಕಂಪೌಂಡ್ ಗೋಡೆಗೆ ಅಂಟಿಕೊಂಡು ಒಂದು ಪಟ್ಟಿ ಜಾಗ ಇದೆ. ಪಕ್ಕದ ಸೈಟು ಖಾಲಿ ಇರುವುದರಿಂದ ಬೆಳಗಿನಿಂದ ಸಂಜೆಯವರೆಗೂ ಅಲ್ಲಿ ಬಿಸಿಲು ಸುರಿಯುತ್ತದೆ. ಅಲ್ಲೇ ಮೂರು ಕುಂಡಗಳಲ್ಲಿ ಮರಳು ಬೆರೆಸಿದ ಮಣ್ಣು ತುಂಬಿ, ಗಡ್ಡೆಗಳನ್ನು ಬೆನ್ನು ಕಾಣುವ ಹಾಗೆ ಕೂರಿಸಿದೆ. ಮರುದಿನ ನೋಡಿದರೆ ಮೂರೂ ಬೆನ್ನುಗಳ ಮೇಲೆ ಮಣ್ಣು ಮುಚ್ಚಿತ್ತು, ಮೇಲೆ ಯಾರೋ ನೀರೂ ಹಾಕಿದ್ದರು. ಗಂಡನನ್ನು ಕೇಳಿದೆ.

"ಅರ್ಧಾ ಹೂತು ಬಿಟ್ಟಿದ್ದಿಯಲ್ಲ, ಮರ್ತಿ ಅನ್ಕೊಂಡೆ," ಅಂದರು.

ನಾನು ಮಣ್ಣು ಸರಿಸಿದೆ. ಎರಡು ದಿನ ಬಿಟ್ಟು ಅವರು ಮತ್ತೆ ಮುಚ್ಚಿದರು. ಮಳೆ ಬಂದಾಗ ನಾನು ಕುಂಡಗಳನ್ನು ಛಜ್ಜಾದ ಕೆಳಗೆ ಎಳೆಯುತ್ತಿದ್ದೆ. ಪಾಪ ಮಳೆಯ ನೀರು ತಪ್ಪಿತಲ್ಲ ಎಂದು ಅವರು ಚೆಂಬು ಹಿಡಿದು ಬರುತ್ತಿದ್ದರು. ಶ್ರಾವಣ ಮುಗಿಯುವಷ್ಟರಲ್ಲಿ ಒಂದು ಕುಂಡದಿಂದ ಕೊಳೆತ ಬಟಾಟೆಯ ನಾತ ಬಂತು. ಬೆರಳಿಟ್ಟರೆ ಗಡ್ಡೆ ಗಂಜಿಯಾಗಿತ್ತು. ಅವತ್ತು ನಾನು ಸಣ್ಣಗೆ ಅತ್ತೆ, ಆಮೇಲೆ ದೊಡ್ಡದಾಗಿ ಜಗಳ ತೆಗೆದೆ.

"ಕಾಲುವೆ ಕೊನಿ ಹೊಲದ ತನಕ ನೀರು ಮುಟ್ಟಿಸಿದಂವಾ ನಾನು," ಅಂದರು ಗಂಡ, ಅವರಿಗೂ ಸಂಕಟವೇ. "ಮನಿ ಮುಂದ ಒಂದು ಗಿಡ ಬಾಯಿ ಬಿಟ್ಕೊಂಡು ಕುಂತ್ರ ನೋಡ್ಕೊಂತ ಹೆಂಗಿರ್ಲಿ?"

"ಅದು ಬಾಯಿ ಬಿಟ್ಟಿಲ್ರಿ. ಬಿಸಿಲು ಕಾಸಾಕತ್ತೈತಿ."

ಉಳಿದ ಎರಡು ಕುಂಡಗಳ ನಡುವೆ ಒಂದು ಫಲಕ ನೆಟ್ಟೆ: "ಇಲ್ಲಿ ನೀರು ಬಿಡಬಾರದು." ಗಂಡನಿಗೆ ಕನ್ನಡದಲ್ಲಿ, ಕೆಲಸದವಳಿಗೆ ತೆಲುಗಿನಲ್ಲಿ, ಟ್ಯಾಂಕ್ ತೊಳೆಯಲು ಬರುವವನಿಗೆ ಹಿಂದಿಯಲ್ಲಿ. ಫಲಕ ಗೋಡೆಗಿಂತ ಎತ್ತರ ನಿಂತಿತ್ತು, ಓಣಿಗೂ ಕಾಣುತ್ತಿತ್ತು. ಮೂರನೇ ದಿನ ಎದುರು ಮನೆಯ ಹಿರಿಯರು ಗೇಟಿಗೆ ಬಂದು ಗಂಡನ ಕೈ ಕುಲುಕಿದರು. ಬಹಳ ಒಳ್ಳೆಯ ಕೆಲಸ ಮಾಡಿದಿರಿ, ಹೋಗುವವರು ಬರುವವರು ಎಲ್ಲಾ ಗೋಡೆಗೂ ನಿಂತುಬಿಡುತ್ತಾರೆ, ನಮ್ಮ ಗೋಡೆಗೂ ಒಂದು ಬರೆದು ಕೊಡಿ ಎಂದು ತೆಲುಗಿನಲ್ಲಿ ಕೇಳಿಕೊಂಡರು. ಗಂಡ ನಗು ತಡೆದುಕೊಂಡು, ಬರೆದವರು ಒಳಗಿದ್ದಾರೆ ಎಂದು ನನ್ನನ್ನು ತೋರಿಸಿದರು. ಬರೆದುಕೊಟ್ಟೆ. ಅಕ್ಷರ ದುಂಡಗಿತ್ತು ಎಂದು ಇನ್ನೆರಡು ಮನೆಯವರೂ ಬರೆಸಿಕೊಂಡು ಹೋದರು.

ಚಳಿಯ ವಿಷಯ ನನಗೆ ತಿಳಿದದ್ದು ದೀಪಾವಳಿಯ ಹೊತ್ತಿಗೆ, ಫೋನಿನಲ್ಲಿ ಯಾರೋ ಮಾಡಿದ ವಿಡಿಯೋ ನೋಡಿದಾಗ. ಗಡ್ಡೆಗೆ ಕೆಲವು ವಾರ ಗಟ್ಟಿ ಚಳಿ ತಾಗದಿದ್ದರೆ ಹೂವಿನ ಆಸೆ ಬಿಡಬೇಕಂತೆ. ನಮ್ಮ ಊರಿನ ಚಳಿ ಒಂದು ಮಫ್ಲರ್‌ಗೆ ಸಾಕಾಗುವಷ್ಟು. ಮೊದಲು ಬೆಳಿಗ್ಗೆ ಬೆಳಿಗ್ಗೆ ಕುಂಡಕ್ಕೆ ಐಸ್ ತುಂಡು ಹಾಕಿದೆ. ಗಂಡ ಪೇಪರ್ ಮಡಚಿ ಬಂದು ನಿಂತರು.

"ಐಸ್ ಕರಗಿದ್ರ ಏನಾಗತೈತಿ ಟೀಚರ್?"

ಐಸ್ ಬಿಟ್ಟೆ. ಎರಡೂ ಗಡ್ಡೆ ಕಿತ್ತು, ಎಲೆ ಕತ್ತರಿಸಿ, ಪೇಪರಿನಲ್ಲಿ ಸುತ್ತಿ ಫ್ರಿಜ್‌ನ ತರಕಾರಿ ಡಬ್ಬಿಯಲ್ಲಿ ಮಲಗಿಸಿದೆ. ಅಕ್ಕನಿಗೆ ಹೇಳಿದೆ. ಅವರು ಹೂಂ ಅಂದರು. ಅವರಿಗೆ ಒಂದು ಕಿವಿ ಮಂದ, ನಾನು ಹೇಳಿದ್ದು ಆ ಕಿವಿಗೆ.

ಎರಡು ತಿಂಗಳಾಗಿತ್ತು. ಸಂಕ್ರಾಂತಿಯ ಮರುವಾರ ಗಡ್ಡೆ ಹೊರಗೆ ತೆಗೆಯೋಣವೆಂದು ಡಬ್ಬಿ ಎಳೆದರೆ ಅಲ್ಲಿ ತಾಜಾ, ಘಮಘಮಿಸುವ, ನಿಜವಾದ ಶುಂಠಿ ಇತ್ತು.

"ಅಕ್ಕಾ, ಇಲ್ಲಿದ್ದ ಗಡ್ಡಿ?"

"ಆ ಅಲ್ಲ? ಒಂಚೂರು ಕೆರೆದು ನೋಡಿದೆ ತಂಗಿ, ವಾಸನಿ ಇಲ್ಲ, ಏನಿಲ್ಲ. ಈಗಷ್ಟ ತರಕಾರಿ ಬಂಡಿಯಂವನ ಮಕದ ಮ್ಯಾಲ ಒಗದು ಬ್ಯಾರೆ ಇಸ್ಕೊಂಡೆ. ಮುದುಕಿಗೆ ಮೋಸ ಮಾಡ್ತಾನ!"

ಆ ಗಡ್ಡೆ ಹೊಟ್ಟೆಗೆ ಹೋದರೆ ವಾಂತಿ ಗ್ಯಾರಂಟಿ ಎಂದು ಅದೇ ವಿಡಿಯೋದಲ್ಲಿ ಕೇಳಿದ್ದೆ. ಗಂಡನಿಗೆ ಕೂಗಿ ಹೇಳಿದೆ. ಅವರು ಲುಂಗಿಯಲ್ಲೇ ಸ್ಕೂಟರ್ ತೆಗೆದರು, ನಾನು ಹಿಂದೆ ಕೂತೆ. ಮೂರನೇ ಓಣಿಯಲ್ಲಿ ಬಂಡಿಯವನು ಸಿಕ್ಕ. ಬೀದರ್ ಕಡೆಯವನು, ಒಳ್ಳೆಯ ಮನುಷ್ಯ. ನಮ್ಮನ್ನು ನೋಡಿದವನೇ ಕೈ ಮುಗಿದ.

"ಅವ್ವಾರ, ಅದು ನನ್ನ ಮಾಲ್ ಅಲ್ಲವೇ ಅಲ್ರಿ. ಆ ದೊಡ್ಡವ್ವಾರು ನನ್ನ ಮಾತಾ ಕೇಳಲಿಲ್ಲ. ಸಾಕಾಗಿ ಬದಲಿ ಕೊಟ್ಟೆ."

"ಈಗೆಲ್ಲಿ ಅದಾವು?"

"ಉಳಿದದ್ದರ ಕೂಡ ಚಾ ಅಂಗಡಿಗೆ ಹೋದುವ್ರಿ."

ಚಾ ಅಂಗಡಿ ಮುಖ್ಯ ರಸ್ತೆಯ ಮೂಲೆಯಲ್ಲಿದೆ. ಅಂಗಡಿಯವನಿಗೆ ತೆಲುಗು ಬಿಟ್ಟರೆ ಬೇರೆ ಬಾರದು. ನಾವು ತಲುಪಿದಾಗ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ನಾಲ್ಕು ಆಟೋದವರು ಕಾಯುತ್ತ ನಿಂತಿದ್ದರು, ಅವನು ಕುಟ್ಟುವ ಕಲ್ಲು ಮೇಲೆತ್ತಿದ್ದ. ಕಲ್ಲಿನ ಕೆಳಗೆ ನನ್ನ ಗಡ್ಡೆ. ಸ್ಕೂಟರ್ ನಿಲ್ಲುವ ಮೊದಲೇ ನಾನು ಕೂಗಿದೆ:

"ಅಲ್ಲ! ಅಲ್ಲ! ಅದು ಅಲ್ಲ ಅಲ್ಲ!"

ಗಾಬರಿಯಲ್ಲಿ ಬಾಯಿಗೆ ಬಂದದ್ದು ಮನೆಯ ಭಾಷೆ. ತೆಲುಗಿನಲ್ಲಿ ಶುಂಠಿಗೆ ಅಲ್ಲಂ ಅಂತಾರೆ. ಅವನು ನಕ್ಕು ತಲೆಯಾಡಿಸಿದ. "ಅಲ್ಲಮೇನಮ್ಮಾ, ವೇಸ್ತುನ್ನಾ!" ಹಾಕ್ತಾ ಇದೀನಿ ತಾಯಿ, ಶುಂಠಿಯನ್ನೇ ಹಾಕ್ತಾ ಇದೀನಿ. ಕಲ್ಲು ಬಿತ್ತು. ಜಜ್ಜಿದ್ದು ಹಾಲಿಗೆ ಬಿತ್ತು. ನಾನು ಇನ್ನೂ ಜೋರಾಗಿ ಅಲ್ಲ ಅಲ್ಲ ಅಂದೆ. ಈಕೆಗೆ ಶುಂಠಿ ಇನ್ನೂ ಸಾಲದು ಅನ್ನಿಸಿರಬೇಕು, ಎರಡನೆಯ ಗಡ್ಡೆಗೂ ಕೈ ಹಾಕಿದ. ಗಂಡ ಲುಂಗಿ ಎತ್ತಿಕಟ್ಟಿ ನುಗ್ಗಿ ಅವನ ಮಣಿಕಟ್ಟು ಹಿಡಿದರು. ಇಲಾಖೆಯ ದನಿಯಲ್ಲಿ, ಚೊಕ್ಕ ತೆಲುಗಿನಲ್ಲಿ, ಇದು ಶುಂಠಿಯಲ್ಲ, ಹೂವಿನ ಗಡ್ಡೆ, ಕುಡಿದರೆ ವಾಂತಿ ಎಂದು ವಿವರಿಸಿದರು. ಅಂಗಡಿಯವನು ಹೆದರಿ ಇಡೀ ಪಾತ್ರೆ ಚರಂಡಿಗೆ ಸುರಿದ. ಚಾ ಹೋಯಿತೆಂದು ಆಟೋದವರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ನಾನು ನಿಂತಲ್ಲೇ ನಿಂತು, ಉಳಿದ ಒಂದು ಗಡ್ಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡೆ.

ದಾರಿಯಲ್ಲಿ ಗಂಡನ ಬೆನ್ನು ಅಲುಗುತ್ತಿತ್ತು. ಮನೆ ಮುಟ್ಟುವವರೆಗೂ ನಕ್ಕರು.

ಆ ಒಂದೇ ಗಡ್ಡೆ ಚಿಗುರಿತು. ಮೊದಲು ಕತ್ತಿಯಂಥ ಎಲೆಗಳು, ಯುಗಾದಿಯ ಹೊತ್ತಿಗೆ ನಡುವಿನಿಂದ ಒಂದು ದಂಟು, ಅದರಲ್ಲಿ ಎರಡು ಮೊಗ್ಗು. ನಾನು ಬೆಳಿಗ್ಗೆ ಹಲ್ಲುಜ್ಜುವ ಮೊದಲು ಅದನ್ನು ನೋಡಿ ಬರುತ್ತಿದ್ದೆ. ಒಂದು ದಿನ ಸಂಜೆ ಮೇಲಿನ ಮೊಗ್ಗು ಬಣ್ಣ ತಿರುಗಿತು. ಬೆಳಿಗ್ಗೆ ಹೋಗಿ ನೋಡಿದರೆ ದಂಟಿನ ತುದಿ ಬೋಳು.

ಹೂವು ದೇವರ ಮನೆಯಲ್ಲಿತ್ತು. ನಮ್ಮ ಬಾಲಕೃಷ್ಣ ಹೆಬ್ಬೆರಳಷ್ಟು ದೊಡ್ಡವನು. ಅವನ ತಲೆಯ ಮೇಲೆ ಐರಿಸ್ ಇಟ್ಟಿದ್ದರು, ಕೃಷ್ಣ ಕಾಣುತ್ತಲೇ ಇರಲಿಲ್ಲ. ಅಕ್ಕ ಕಣ್ಣು ಮುಚ್ಚಿ ಕೂತಿದ್ದರು. ನಾನು ಬೈಯಲೂ ಆಗದೆ, ಬಿಡಲೂ ಆಗದೆ, ಹೊರಗೆ ಹೋಗಿ ಉಳಿದ ಮೊಗ್ಗನ್ನು ನೋಡಿ ಬಂದೆ. ಮಧ್ಯಾಹ್ನ ರೊಟ್ಟಿ ಬಡಿಸುತ್ತ ಅಕ್ಕನೇ ಶುರು ಮಾಡಿದರು.

"ದಾಸಾಳದಂಗ ದಿನಾ ಬಿಡತೈತಿ ಅನ್ಕೊಂಡೆ ತಂಗಿ. ತಪ್ಪಾತು."

"ಇನ್ನೊಂದು ಮೊಗ್ಗಿ ಐತಿ, ಬಿಡ್ರಿ," ಅಂದೆ. ದನಿಯಲ್ಲಿದ್ದ ಸಿಟ್ಟು ಮಾತ್ರ ಬಿಟ್ಟಿರಲಿಲ್ಲ.

ಆ ಇನ್ನೊಂದು ಮೊಗ್ಗನ್ನು ಅಕ್ಕನೇ ಕಾದರು. ಬೆಳಗಿನ ಜಾವವೇ ಕುರ್ಚಿ ಹಾಕಿಕೊಂಡು ಕೂತು, ಜಪ ಮಾಡುತ್ತ, ಗೋಡೆಗೆ ಬರುವ ಮಂಗಗಳಿಗೆ ಕೋಲು ತೋರಿಸುತ್ತ. ಮೂರನೇ ಬೆಳಿಗ್ಗೆ ಅವರೇ ಕೂಗಿದರು. ನಾವು ಓಡಿದೆವು. ಹೂವು ಒಂದೊಂದೇ ಎಸಳು ಬಿಚ್ಚಿಕೊಳ್ಳುತ್ತಿತ್ತು, ಒಳಗಿನಿಂದ ಆ ಹಳದಿ ಗಡ್ಡ. ಗಂಡ ಮೊಣಕಾಲು ಕಟಕಟ ಅನ್ನಿಸಿಕೊಂಡು ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. ಬಹಳ ಹೊತ್ತು ನೋಡಿದರು.

"ಇಷ್ಟಕ್ಕ ಇಷ್ಟೆಲ್ಲಾ ಮಾಡಿದೇನು?" ಅಂದರು. ಏಳಲಿಲ್ಲ. ಇನ್ನೂ ಸ್ವಲ್ಪ ನೋಡಿ, "ಮಾಡಬೇಕಾದ್ದ ಬಿಡು," ಅಂದರು.

ಎರಡೂವರೆ ದಿನ ಇತ್ತು. ಎದುರು ಮನೆಯ ಹಿರಿಯರು ಹೆಂಡತಿಯನ್ನು ಕರೆತಂದು ತೋರಿಸಿದರು, ಬಂಡಿಯವನು ಬಂಡಿ ನಿಲ್ಲಿಸಿ ಗೋಡೆಯ ಮೇಲಿಂದ ಇಣುಕಿದ. ಮೂರನೇ ಸಂಜೆ ಅದು ಒದ್ದೆ ಕರವಸ್ತ್ರದ ಹಾಗೆ ಮುದುಡಿತು.

ಆಮೇಲೆ ಅದು ಹೂ ಬಿಟ್ಟಿಲ್ಲ. ಮರಿ ಹಾಕಿ ಐದು ಗಡ್ಡೆಯಾಗಿದೆ, ಪ್ರತಿ ಚಳಿಗಾಲ ಫ್ರಿಜ್‌ಗೆ ಹೋಗಿ ಬರುತ್ತದೆ, ಶುಂಠಿಯಲ್ಲ ಎಂಬ ಗುರುತಿಗೆ ಡಬ್ಬಿಯ ಮೇಲೆ ಅಕ್ಕನೇ ಕೆಂಪು ದಾರ ಕಟ್ಟುತ್ತಾರೆ. ಬರುವುದು ಎಲೆ ಮಾತ್ರ. ಮೊನ್ನೆ ನಾನು ಬೇಜಾರು ಮಾಡಿಕೊಂಡು, ಈ ಸಲ ಕಿತ್ತು ಬಿಸಾಡುತ್ತೇನೆ ಅಂದೆ. ಅಕ್ಕ ಕುಂಡದ ಹತ್ತಿರ ಹೋಗಿ ಒಂದು ಎಲೆಯ ಧೂಳು ಸೆರಗಿನಿಂದ ಒರೆಸಿದರು.

"ಇರ್ಲಿ ತಂಗಿ. ಎಲಿನೂ ಛಂದ ಅದಾವು."