ಶುಭಾಶಯದ ಫೋಲ್ಡರು

ನಮ್ಮ ಅಡ್ಮಿನ್ ಮೇಡಂ ಅವರ ಬಲಗೈಯ ಗಾಜಿನ ಬಳೆಗಳು ಕೈಯಲ್ಲಿ ಇದ್ದುದಕ್ಕಿಂತ ಹೆಚ್ಚು ಹೊತ್ತು ಮಾನಿಟರಿನ ತಲೆಯ ಮೇಲೆ ಇರುತ್ತಿದ್ದವು. ಬೆಳಿಗ್ಗೆ ಬಂದವರೇ ಒಂದೊಂದಾಗಿ ಕಳಚಿ, ಬೆನ್ನು ಉಬ್ಬಿದ ಆ ಹಳೆಯ ಮಾನಿಟರಿನ ಮೇಲೆ ಇಟ್ಟು, ಆಮೇಲೆಯೇ ಕೀಬೋರ್ಡು ಮುಟ್ಟುತ್ತಿದ್ದರು. ಬಳೆ ತಗುಲಿ ಸದ್ದಾದರೆ ಟೈಪು ತಪ್ಪುತ್ತದೆಯಂತೆ. ಸಂಜೆ ಮತ್ತೆ ತೊಡುವಾಗ ಅವು ಬೆಚ್ಚಗಿರುತ್ತಿದ್ದವು. ಚಳಿಗಾಲದಲ್ಲಿ ನಮ್ಮ ಕಂಪನಿ ನೌಕರರಿಗೆ ಕೊಡುತ್ತಿದ್ದ ಏಕೈಕ ಸವಲತ್ತು ಅದು.

ಕಂಪನಿ ಎಂದರೆ ಚಂದ್ರಾ ಲೇಔಟಿನ ಒಂದು ದರ್ಶಿನಿ ಹೋಟೆಲಿನ ಮೇಲಿನ ಎರಡು ಕೋಣೆಗಳು. ಇಸವಿ ಎರಡು ಸಾವಿರ ದಾಟಿ ನಾಲ್ಕೈದು ವರ್ಷವಾಗಿತ್ತು. ವೆಬ್‌ಸೈಟು ಇಲ್ಲದ ವ್ಯಾಪಾರಿಗೆ ಮುಕ್ತಿಯಿಲ್ಲ ಎಂದು ಊರನ್ನೆಲ್ಲ ನಂಬಿಸಿದ ಮಹನೀಯರಲ್ಲಿ ನಮ್ಮ ಯಜಮಾನರೂ ಒಬ್ಬರು. ಕಲ್ಯಾಣ ಮಂಟಪ, ಬೋರ್‌ವೆಲ್, ಟ್ಯುಟೋರಿಯಲ್, ಚಿನ್ನದಂಗಡಿ, ಹಲ್ಲಿನ ಕ್ಲಿನಿಕ್ಕು, ಎಲ್ಲವೂ ನಮ್ಮ ಗಿರಾಕಿಗಳೇ. ಕೆಲಸ ಮಾಡುತ್ತಿದ್ದ ಅಚ್ಚುಕೂಟ ಮುಚ್ಚಿದ ಮೇಲೆ, ಕರಡು ತಿದ್ದುತ್ತಿದ್ದ ನಾನು ಇಲ್ಲಿ ಕಲ್ಯಾಣ ಮಂಟಪಗಳ ಪಾರ್ಕಿಂಗ್ ವ್ಯವಸ್ಥೆಯನ್ನು ಕನ್ನಡ ಗದ್ಯದಲ್ಲಿ ವರ್ಣಿಸುವ ಮಹತ್ಕಾರ್ಯಕ್ಕೆ ನೇಮಕಗೊಂಡಿದ್ದೆ. ಆ ವೆಬ್‌ಸೈಟುಗಳೆಲ್ಲ ವಾಸವಾಗಿದ್ದ ಸರ್ವರನ್ನು ನೋಡಿಕೊಳ್ಳುತ್ತಿದ್ದವರು ಮೇಡಂ.

ಸರ್ವರಿನಲ್ಲಿ ಒಂದೊಂದು ವೆಬ್‌ಸೈಟಿಗೂ ಒಂದೊಂದು ಜಾಗ. ಪ್ರತಿ ಜಾಗದಲ್ಲೂ 'ಶುಭಾಶಯ' ಎಂಬ ಹೆಸರಿನ ಒಂದು ಫೋಲ್ಡರು. ಅದರೊಳಗೆ ಏನು ಇಟ್ಟರೆ ಅದು ಆ ವೆಬ್‌ಸೈಟಿನ ಮೊದಲ ಪುಟದ ನೆತ್ತಿಯ ಮೇಲೆ ಕಾಣುತ್ತಿತ್ತು. ಯುಗಾದಿಗೆ ಮಾವಿನೆಲೆ, ದೀಪಾವಳಿಗೆ ಹಣತೆ. ಮೇಡಂ ಒಂದು ಫೋಲ್ಡರು ಸಿದ್ಧ ಮಾಡಿ, ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು ಬರೆದು, ಅದನ್ನು ಎಲ್ಲ ವೆಬ್‌ಸೈಟುಗಳಿಗೂ ನಕಲು ಮಾಡುತ್ತಿದ್ದರು. ಬೋರ್‌ವೆಲ್ಲಿನವರೂ ಹಲ್ಲಿನ ಡಾಕ್ಟರೂ ಒಂದೇ ಕ್ಷಣದಲ್ಲಿ ನಾಡಿನ ಜನತೆಗೆ ಶುಭ ಕೋರಿಬಿಡುತ್ತಿದ್ದರು.

ಆದರೆ ಆ ಸಾಲನ್ನು ಅವರು ನೇರವಾಗಿ ಎಂದೂ ಓಡಿಸಿದವರಲ್ಲ. ಆಜ್ಞೆಯ ಮುಂದೆ 'ಎಕೋ' ಎಂಬ ಪದ ಸೇರಿಸಿದರೆ ಕಂಪ್ಯೂಟರು ಕೆಲಸ ಮಾಡುವುದಿಲ್ಲ. ಏನು ಮಾಡಬೇಕಿತ್ತೋ ಅದನ್ನು ಪರದೆಯ ಮೇಲೆ ಸಾಲುಸಾಲಾಗಿ ಬರೆದು ತೋರಿಸಿ ಸುಮ್ಮನಾಗುತ್ತದೆ. ಅವರು ಮೊದಲು ಹಾಗೆ ಬರೆಸಿ, ಕೀಬೋರ್ಡಿನಿಂದ ಎರಡೂ ಕೈ ತೆಗೆದು, ಸೆರಗಿಗೆ ಅಂಗೈ ಒರೆಸಿಕೊಂಡು, ಸಾಲುಗಳನ್ನೆಲ್ಲ ಓದಿ, ಆಮೇಲೆ ಎಕೋ ತೆಗೆದು ಎಂಟರ್ ಒತ್ತುತ್ತಿದ್ದರು.

"ಮೊದಲು ಅದರ ಬಾಯಲ್ಲಿ ಹೇಳಿಸ್ಬೇಕು ಸಾರ್. ಆಮೇಲೆ ಕೈಲಿ ಮಾಡಿಸ್ಬೇಕು" ಎಂದು ನನಗೂ ಕಲಿಸಿದರು. ಅವರು ರಜೆ ಹಾಕಿದ ದಿನ ಹಬ್ಬ ಬಂದರೆ ಇರಲಿ ಎಂದು. ಅಳಿಸುವುದಕ್ಕೆ ಮಾತ್ರ ಅವರದು ಬೇರೆ ಶಾಸ್ತ್ರ. "ಹಾಕೋದನ್ನ ಒಟ್ಟಿಗೆ ಹಾಕಿ. ತೆಗೆಯೋದನ್ನ ಒಂದೊಂದಾಗೇ ತೆಗೀರಿ. ತಪ್ಪಿದ್ರೆ ಒಂದೇ ಹೋಗುತ್ತೆ."

ಅವರು ಬಿನ್ನಿಪೇಟೆಯಲ್ಲಿ ತಂದೆಯ ಜೊತೆ ಇದ್ದರು. ಮನೆಯಲ್ಲಿ ಮತ್ತಾರೂ ಇರಲಿಲ್ಲ. ತಂದೆ ಬಟ್ಟೆ ಮಿಲ್ಲಿನಲ್ಲಿ ನೇಯುತ್ತಿದ್ದವರು. ಮಿಲ್ಲು ಮುಚ್ಚಿ ಬಹಳ ವರ್ಷಗಳಾಗಿತ್ತು, ಆದರೆ ಆ ಸಂಗತಿ ಅವರ ನೆನಪಿನಿಂದ ಜಾರಿಹೋಗಿತ್ತು. ದಿನವೂ ಬೆಳಿಗ್ಗೆ ಟಿಫನ್ ಡಬ್ಬಿ ಹಿಡಿದು ಪಾಳಿಗೆ ಹೊರಡುತ್ತಿದ್ದರು. ಮಗಳು ಖಾಲಿ ಡಬ್ಬಿಗೆ ನಿಜವಾಗಿ ಚಿತ್ರಾನ್ನ ತುಂಬಿ ಕೊಟ್ಟು, ಬೀದಿಯ ಕೊನೆಯವರೆಗೆ ಜೊತೆಗೆ ನಡೆದು, "ಇವತ್ತು ವಾರದ ರಜೆ ಅಂತೆ ಅಪ್ಪ" ಎಂದು ವಾಪಸು ಕರೆತರುತ್ತಿದ್ದರು. ವಾರದ ಏಳು ದಿನವೂ ರಜೆ ಕೊಟ್ಟ ಮಿಲ್ಲು ಭೂಮಿಯ ಮೇಲೆ ಅದೊಂದೇ ಇರಬೇಕು.

ಗಣಪತಿ ಹಬ್ಬ ಮುಗಿದ ವಾರ, ಗ್ಯಾಸ್ ಸಿಲಿಂಡರಿನವನಿಗೆ ತೆರೆದ ಬಾಗಿಲಿನಿಂದ ತಂದೆ ಒಬ್ಬರೇ ಪಾಳಿಗೆ ಹೋದರು. ತಿರುಗಿ ಬರಲಿಲ್ಲ.

ಪೊಲೀಸರಿಗೆ ದೂರು ಕೊಟ್ಟಿದ್ದಾಯಿತು, ಬಸ್ ಸ್ಟ್ಯಾಂಡಿನ ಕಂಬಗಳಿಗೆ ಚೀಟಿ ಅಂಟಿಸಿದ್ದಾಯಿತು. ಕೆಲವು ದಿನಗಳ ಮೇಲೆ ಮೇಡಂ ಆಫೀಸಿಗೆ ಬಂದರು. ಬಳೆ ಕಳಚಿಟ್ಟರು. ಶುಭಾಶಯದ ಫೋಲ್ಡರಿನಿಂದ ಗಣಪತಿಯನ್ನು ತೆಗೆದು, ಆ ಜಾಗದಲ್ಲಿ ತಂದೆಯ ಫೋಟೋ ಇಟ್ಟರು. ಕೆಳಗೆ 'ಕಾಣೆಯಾಗಿದ್ದಾರೆ. ಬಿಳಿ ಅಂಗಿ. ಕೈಯಲ್ಲಿ ಟಿಫನ್ ಡಬ್ಬಿ ಇರುತ್ತದೆ. ಮಿಲ್ಲಿನ ದಾರಿ ಕೇಳಬಹುದು' ಎಂದು ಬರೆದು, ತಮ್ಮ ಮೊಬೈಲ್ ನಂಬರು ಹಾಕಿ, ಕರಡು ನೋಡಿ ಎಂದು ನನ್ನನ್ನು ಕರೆದರು. ನೋಡಿದೆ. ತಿದ್ದುವಂಥದ್ದು ಏನೂ ಇರಲಿಲ್ಲ.

ಆ ದಿನವೂ ಅವರು ಎಕೋ ಬಿಡಲಿಲ್ಲ. ಸಾಲುಗಳನ್ನೆಲ್ಲ ಓದಿದರು, ಸೆರಗಿಗೆ ಕೈ ಒರೆಸಿಕೊಂಡರು, ಎಂಟರ್ ಒತ್ತಿದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಮರುದಿನದಿಂದ ಫೋನು ಬಿಡುವು ಕೊಡಲಿಲ್ಲ. ಮದುವೆ ಬುಕ್ ಮಾಡಲು ಬಂದವರು ಅಪಶಕುನ ಎಂದು ಎದ್ದು ಹೋದರೆಂದು ಕಲ್ಯಾಣ ಮಂಟಪದವರು ಕೂಗಾಡಿದರು. ಎಲ್ಲರಿಗಿಂತ ಸಂಕಟದಲ್ಲಿದ್ದವರು ಒಬ್ಬ ಜ್ಯೋತಿಷಿಗಳು. "ಕಳೆದುಹೋದವರು ಎಲ್ಲಿದ್ದಾರೆ ಅಂತ ಹೇಳ್ತೀವಿ ಅಂತ ನಮ್ಮ ಸೈಟಲ್ಲಿ ನೀವೇ ಬರ್ದಿದೀರಿ ಸ್ವಾಮಿ. ಅದರ ತಲೆ ಮೇಲೇ ಈ ಬೋರ್ಡು ಹಾಕಿದ್ರೆ ಜನ ಏನಂತಾರೆ?" ಆ ವಾಕ್ಯದ ಕರ್ತೃ ನಾನೇ ಆದ್ದರಿಂದ ಫೋನನ್ನು ಯಜಮಾನರ ಕೈಗೆ ಕೊಟ್ಟೆ.

ಸಂಜೆಯೊಳಗೆ ತೆಗೆಯಿರಿ ಎಂದು ಯಜಮಾನರು ಮೇಡಂಗೆ ಹೇಳಿದರು. ಅವರು ತಲೆಯೆತ್ತದೆ, "ಅಪ್ಪ ಸಿಗೋವರೆಗೂ ನನ್ನ ಕೈಲಿ ತೆಗೆಯೋಕಾಗಲ್ಲ ಸಾರ್" ಎಂದರು. ಗಿರಾಕಿಗಳು ಬಿಟ್ಟುಹೋಗುತ್ತಿದ್ದರು, ಯಜಮಾನರಿಗೂ ಅದು ಹೊಟ್ಟೆಪಾಡು. ಸ್ವತಃ ತೆಗೆಯೋಣವೆಂದರೆ ಅವರ ಕಂಪ್ಯೂಟರ್ ಜ್ಞಾನ ಇಸ್ಪೀಟು ಆಟದ ಆಚೆ ದಾಟಿರಲಿಲ್ಲ. ನನ್ನ ಕುರ್ಚಿಯ ಹಿಂದೆ ಬಂದು ನಿಂತರು. "ನಿಮಗೆ ಕಲಿಸಿದಾರಲ್ರೀ. ತೆಗೀರಿ."

ನಾನು ಅಳಿಸುವ ಆಜ್ಞೆಯನ್ನು ಎಲ್ಲ ವೆಬ್‌ಸೈಟುಗಳಿಗೂ ಅನ್ವಯಿಸುವಂತೆ ಬರೆದೆ. ಮುಂದೆ ಎಕೋ ಸೇರಿಸಿದೆ. ಎಂಟರ್ ಒತ್ತಿದೆ. ಅಳಿಸು, ಅಳಿಸು ಎಂದು ಪರದೆಯ ತುಂಬ ಸಾಲುಗಳು ಸರಸರನೆ ಹರಿದವು. ಯಜಮಾನರು ಯಜ್ಞ ನೋಡುವವರಂತೆ ಕೈಕಟ್ಟಿ ನೋಡಿದರು. ಆದರೂ ಫೋಟೋ ಕಾಣುತ್ತಿದೆಯಲ್ಲ ಎಂದಾಗ, ಹಳೆಯದು ಬ್ರೌಸರಿನಲ್ಲಿ ಉಳಿದುಕೊಂಡಿರುತ್ತದೆ, ನಾಳೆಯ ಹೊತ್ತಿಗೆ ಹೋಗುತ್ತದೆ ಎಂದೆ. ನಮ್ಮ ಉದ್ಯಮದಲ್ಲಿ ಅನೇಕರ ಮಾನ ಕಾಪಾಡಿದ ವಾಕ್ಯ ಅದು. ಅವರು ಕಾಫಿಗೆ ಇಳಿದು ಹೋದರು.

ಮೇಡಂ ತಮ್ಮ ಜಾಗದಿಂದಲೇ ನೋಡುತ್ತಿದ್ದರು. ಮೆಲ್ಲಗೆ, "ಎಕೋ ತೆಗೆಯೋದು ಮರ್ತ್ರಿ ಸಾರ್" ಎಂದರು.

"ವಯಸ್ಸಾಯ್ತು ನೋಡಿ ಮೇಡಂ" ಎಂದೆ.

ಫೋನು ಬಂದದ್ದು ಮರುದಿನ ಬೆಳಿಗ್ಗೆ. ಬ್ಯಾಡರಹಳ್ಳಿಯ ಸೈಬರ್ ಸೆಂಟರಿನವನೊಬ್ಬ ಯಾರಿಗೋ ಕಲ್ಯಾಣ ಮಂಟಪದ ವಿಳಾಸ ಪ್ರಿಂಟು ತೆಗೆದುಕೊಡುವಾಗ ಫೋಟೋ ನೋಡಿದ್ದ. ಮೇಡಂ ನಿಂತೇ ಕೇಳಿಸಿಕೊಂಡರು, ಫೋನನ್ನು ಮೇಜಿನ ಮೇಲಿಟ್ಟರು. "ಸಿಕ್ಕಿದ್ರು ಸಾರ್."

"ನೋಡಿದ್ರಾ, ನಾನು ಹೇಳ್ಲಿಲ್ವಾ" ಎಂದು ಯಜಮಾನರ ಮುಖ ಅರಳಿತು. ಅವರು ಏನೂ ಹೇಳಿರಲಿಲ್ಲ.

"ಮಾರ್ಚುರಿಲಿದಾರಂತೆ" ಎಂದರು ಮೇಡಂ.

ನಾನು ಜೊತೆಗೆ ಹೋದೆ. ಮಾಗಡಿ ರಸ್ತೆ ದಾಟುವಾಗ ಲಾರಿ ಬಡಿದಿತ್ತು. ಅದಕ್ಕೆ ಮುಂಚೆ ಸೈಬರ್ ಸೆಂಟರಿನ ಮೆಟ್ಟಿಲ ಮೇಲೆ ಕೂತು, ಎರಡನೇ ಪಾಳಿ ಶುರುವಾಯಿತೇ ಎಂದು ಕೇಳಿದ್ದರಂತೆ. ಆತ ಟೀ ಕೊಡಿಸಿದ್ದನಂತೆ, ಲಾರಿ ಬಡಿದ ಮೇಲೆ ಆಸ್ಪತ್ರೆಗೆ ಸಾಗಿಸಿದವರಲ್ಲೂ ಇದ್ದನಂತೆ. ಹೆಸರು ಗೊತ್ತಿಲ್ಲದ ಹೆಣಗಳ ಸಾಲಿನಲ್ಲಿ ಅವರು ಮಲಗಿದ್ದರು. ಮರುದಿನ ಆ ಸಾಲನ್ನೆಲ್ಲ ಒಟ್ಟಿಗೆ ಮಣ್ಣು ಮಾಡುವುದಿತ್ತು ಎಂದು ಅಲ್ಲಿಯವನು ಬೀಡಿ ಆರಿಸುತ್ತ ಹೇಳಿದ. ಟಿಫನ್ ಡಬ್ಬಿಯನ್ನೂ ಕೊಟ್ಟ. ನೆಗ್ಗಿಹೋಗಿ ಮುಚ್ಚಳ ಬರುತ್ತಿರಲಿಲ್ಲ. ಮೇಡಂ ಅದನ್ನು ತೆರೆಯಲು ಎರಡು ಸಲ ನೋಡಿ, ಹಾಗೆಯೇ ಚೀಲಕ್ಕೆ ಹಾಕಿಕೊಂಡರು.

ಕರ್ಮಗಳು ಮುಗಿದ ಮೇಲೆ ಆಫೀಸಿಗೆ ಬಂದವರು, ಅಂದು ಅವಸರದಲ್ಲಿ ಮಾನಿಟರಿನ ಮೇಲೆಯೇ ಬಿಟ್ಟುಹೋಗಿದ್ದ ಬಳೆಗಳನ್ನು ಪಕ್ಕಕ್ಕೆ ಸರಿಸಿ, ಶುಭಾಶಯದ ಫೋಲ್ಡರನ್ನು ಅಳಿಸತೊಡಗಿದರು. ಒಂದು ವೆಬ್‌ಸೈಟಿನ ಹೆಸರು ಟೈಪು ಮಾಡುವುದು, ಓದುವುದು, ಎಂಟರ್ ಒತ್ತುವುದು, ಮತ್ತೊಂದು ಹೆಸರು. ಪ್ರತಿ ಎಂಟರಿಗೂ ಒಂದು ಕಡೆಯಿಂದ ಅವರ ತಂದೆ ಹೊರಟುಹೋಗುತ್ತಿದ್ದರು. ಒಟ್ಟಿಗೆ ತೆಗೆಯಬಹುದಲ್ಲ ಎಂದು ಯಜಮಾನರು ನನ್ನ ಕಿವಿಯಲ್ಲಿ ಅಂದರು. ನಾನು ಬೇಡವೆಂದು ತಲೆಯಾಡಿಸಿದೆ. ಅಂದು ನಾನು ತೆಗೆದದ್ದು ಏನಾಯಿತು ಎಂದು ಅವರು ಕೇಳಲಿಲ್ಲ. ಮಧ್ಯಾಹ್ನದ ಊಟವನ್ನೂ ಮರೆತು ಮೇಡಂ ಸಂಜೆಯವರೆಗೆ ತೆಗೆದರು.

ಮುಂದಿನ ದೀಪಾವಳಿಗೆ ಒಂದೇ ಸಾಲಿನಲ್ಲಿ ಎಲ್ಲ ಕಡೆಗೂ ಹಣತೆ ಹಚ್ಚಿದವರೂ ಅವರೇ.

ಕೆಲವು ವರ್ಷಗಳ ನಂತರ ಅವರಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಆಸ್ಪತ್ರೆಗೆ ಹೋದವರು ಆಫೀಸಿಗೆ ಮರಳಲಿಲ್ಲ. ಕೆಂಗೇರಿಯ ಚಿತಾಗಾರದಲ್ಲಿ ನಾನು, ಯಜಮಾನರು, ಬಿನ್ನಿಪೇಟೆಯ ನಾಲ್ಕು ಜನ ನೆರೆಯವರು ಇದ್ದೆವು.

ಬಿಟ್ಟುಹೋದ ನೌಕರರ ಖಾತೆಯನ್ನು ಸರ್ವರಿನಿಂದ ಅಳಿಸಬೇಕೆಂಬುದು ಮೇಡಂ ಅವರೇ ಮಾಡಿದ್ದ ನಿಯಮ. ಯಜಮಾನರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ನಾನು ಆಜ್ಞೆ ಬರೆದು, ಮುಂದೆ ಎಕೋ ಸೇರಿಸಿ, ಎಂಟರ್ ಒತ್ತಿದೆ. ಇವರನ್ನು ಅಳಿಸು ಎಂಬ ಸಾಲು ಪರದೆಯ ಮೇಲೆ ಬಂತು. ಕೈ ತೆಗೆದು ಓದಿದೆ. ತಪ್ಪೇನೂ ಇರಲಿಲ್ಲ.

"ಆಯ್ತೇನ್ರೀ?" ಎಂದರು ಯಜಮಾನರು.

"ಆಯ್ತು ಸಾರ್."

ಅವರು ಬಗ್ಗಿ ಪರದೆಯ ಮೇಲಿನ ಸಾಲನ್ನು ಓದಿದರು. "ಅವತ್ತು ಫೋಟೋ ತೆಗೆದ ಹಾಗೇ ಆಯ್ತಾ?"

"ಹಾಗೇ ಆಯ್ತು."

"ಸರಿ" ಎಂದರು. "ಬನ್ನಿ, ಕಾಫಿ ಕುಡಿಯೋಣ."