ಗಂಜಿ ಹಾಕಿದ ಬೈರಾಸು

“ನಾನು ಇಪ್ಪತ್ತೆಂಟು ವರ್ಷ ಸೌದಿಯ ದಮಾಮಿನಲ್ಲಿ ಟ್ರೈಲರ್ ಓಡಿಸಿದವ. ಮರುಭೂಮಿಯಲ್ಲಿ ಗಾಡಿ ನಿಂತಾಗಲೂ ಹೆದರಿದವನಲ್ಲ. ಹೆಂಡತಿ ಸಫಿಯಾಳಿಗೆ ಉಸಿರಿನ ಕಾಯಿಲೆ ಬಂದ ಮೇಲೆ ಅವಳು ಮನೆ ಬಿಟ್ಟು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಆಕ್ಸಿಜನ್ ಮೆಷಿನಿಗೆ ಕರೆಂಟು ಬೇಕಲ್ಲ? ಅದಕ್ಕೇ ಹಳೇ ಮಿನಿಬಸ್ಸು ತೆಗೊಂಡು ಮಂಚ, ಸ್ಟವ್, ಹಿಂದೆ ಒಂದು ಜನರೇಟರ್, ಎಲ್ಲ ಕೂರಿಸಿದೆ. ಆದರೆ ಆ ದಿನ ರಸ್ತೆಯಲ್ಲಿ ನಾನು ಹೆದರಿದ್ದುಂಟಲ್ಲ, ಅಲ್ಲಾಹನೇ, ಅದು ಯಾರಿಗೂ ಬೇಡ.”

ಹೀಗೆ ಹೇಳುವ ಕನ್ಯಾನದ ಉಮ್ಮರ್ ಆ ದಿನ ಹೆಂಡತಿಯನ್ನು ಮೂಡುಬಿದಿರೆಯ ಮಗಳ ಮನೆಗೆ ಕರೆದುಕೊಂಡು ಹೊರಟಿದ್ದರು. ಬಂಟ್ವಾಳ ದಾಟಿ ಸಿದ್ಧಕಟ್ಟೆ ಮುಟ್ಟುವ ಮೊದಲೇ ಮನೆ ಕಟ್ಟುವ ಕೆಂಪು ಮುರಕಲ್ಲಿನ ಲಾರಿಯೊಂದು ರಸ್ತೆಗೆ ಅಡ್ಡ ಮಗುಚಿತ್ತು. ಮುಂದೆಯೂ ಹಿಂದೆಯೂ ವಾಹನಗಳ ಸಾಲು. ಭಾರವಿಲ್ಲದೆ ಬರಿದೇ ಬಿಟ್ಟರೆ ಜನರೇಟರ್ ಚೆನ್ನಾಗಿ ಓಡುತ್ತಿತ್ತು. ಆಕ್ಸಿಜನ್ ಮೆಷಿನಿನ ಸ್ವಿಚ್ ಹಾಕಿದ್ದೇ ತಡ, ಸದ್ದು ಕುಗ್ಗಿ, ದೀಪ ಮಂಕಾಗಿ, ಮೆಷಿನು ಕೂಗಿಕೊಂಡು ನಿಲ್ಲುತ್ತಿತ್ತು. ಜೊತೆಗಿದ್ದ ಸಣ್ಣ ಸಿಲಿಂಡರಿನ ಆಕ್ಸಿಜನನ್ನು ತಗ್ಗಿಸಿ ಬಿಟ್ಟರೂ ಅರ್ಧ ಗಂಟೆಗಿಂತ ಹೆಚ್ಚು ಬಾರದು.

ಫ್ಯಾನು, ಫ್ರಿಜ್ಜು ಆರಿಸಿದರು. ಪ್ಲಗ್ಗು ಬದಲಿಸಿದರು. ಪೆಟ್ರೋಲಿನ ಪೈಪು ಬಿಚ್ಚಿ ಊದಿದರು. ಏನೂ ಆಗಲಿಲ್ಲ. ಸಿಲಿಂಡರಿನ ಮುಳ್ಳು ಕೆಂಪಿಗೆ ಇಳಿದಿತ್ತು. ವಿಟ್ಲದ ಮೆಕ್ಯಾನಿಕ್ ಮುಂಡಪ್ಪನಿಗೆ ಫೋನು ಮಾಡಿದರು.

“ಎಂಥ ಉಮ್ಮರಾಕ, ಗಲ್ಫಿನಲ್ಲಿ ಒಂಟೆ ರಿಪೇರಿ ಮಾತ್ರ ಮಾಡಿದ್ದಾ?”

“ತಮಾಷೆ ಬೇಡ ಮಾರಾಯ, ಇವಳ ಉಗುರು ನೀಲಿ ಆಗ್ತಾ ಉಂಟು!”

ಮುಂಡಪ್ಪನ ಸ್ವರ ಬದಲಾಯಿತು. “ಮೆಷಿನು ಹಾಕಿ, ಚೋಕ್ ಸ್ವಲ್ಪ ಎಳೆಯಿರಿ. ಗಾಳಿ ಕಮ್ಮಿಯಾಗಿ ಪೆಟ್ರೋಲ್ ಹೆಚ್ಚು ಹೋಗಲಿ, ನೋಡುವ.”

ಎಳೆದರು. ಜನರೇಟರ್ ಕೆಮ್ಮಿ ನಿಂತೇಹೋಯಿತು.

“ಹಾಗಾದರೆ ಪೆಟ್ರೋಲ್ ಬೇಕಾದಷ್ಟು ಉಂಟು. ಅದಕ್ಕೆ ಗಾಳಿ ಸಾಲುವುದಿಲ್ಲ. ಫಿಲ್ಟರ್ ನೋಡಿ.”

“ಮೊನ್ನೆಯೇ ತೊಳೆದದ್ದು. ಕೆಂಪು ಧೂಳು ಹೋಗಬಾರದೂಂತ ಗಾಳಿ ಎಳೆಯುವ ಬಾಯಿಗೆ ನನ್ನ ಹೆಗಲಿನ ಒಗೆದ ಬೈರಾಸು ಬೇರೆ ಕಟ್ಟಿದ್ದೇನೆ.”

ಬಸ್ಸಿನೊಳಗೆ ತಟ್ಟೆ ಬಡಿದ ಸದ್ದು. ಸಫಿಯಮ್ಮ ಕರೆಯುತ್ತಿದ್ದರು. ಉಮ್ಮರ್ ಓಡಿ ಬಂದು ಅವರ ಬಾಯಿಯ ಹತ್ತಿರ ಕಿವಿಯಿಟ್ಟರು.

“ಬೈರಾಸಿಗೆ… ನಾನು ಗಂಜಿ ಹಾಕಿದ್ದೆ…”

ಕಾಯಿಲೆ ಬಂದ ಮೇಲೆ ಅವರ ಕೈಗೆ ಉಳಿದದ್ದು ಆ ಒಂದು ಕೆಲಸ. ಕೂತಲ್ಲೇ ಗಂಡನ ಮುಂಡು, ಶರ್ಟು, ಬೈರಾಸು ಎಲ್ಲವನ್ನೂ ಗಂಜಿ ತೆಳಿಯಲ್ಲಿ ಅದ್ದಿ ಕೊಡುತ್ತಿದ್ದರು.

ಉಮ್ಮರ್ ಹಿಂದಕ್ಕೆ ಓಡಿದರು. ಗಂಜಿ ನೂಲಿನ ಸಂದು ಮುಚ್ಚಿ ಬಟ್ಟೆ ಹಪ್ಪಳದ ಹಾಗೆ ಬಿರುಸಾಗಿತ್ತು, ಮೇಲೆ ಧೂಳು ಮೆತ್ತಿತ್ತು. ಬರಿದೇ ಓಡುವಾಗ ಹೇಗೋ ಸಾಲುತ್ತಿದ್ದ ಗಾಳಿ ಭಾರ ಬಿದ್ದಾಗ ಸಾಲುತ್ತಿರಲಿಲ್ಲ. ಅದನ್ನು ಕಿತ್ತೆಸೆದು ಜನರೇಟರಿನ ಹಗ್ಗ ಎಳೆದು ಸ್ಟಾರ್ಟ್ ಮಾಡಿದರು, ಮೆಷಿನಿನ ಸ್ವಿಚ್ ಹಾಕಿದರು. ಸದ್ದು ಒಮ್ಮೆ ತಗ್ಗಿತು. ಮತ್ತೆ ಏರಿ ಒಂದೇ ಸಮ ಆಯಿತು. ಮೆಷಿನು ಕೂಗಲಿಲ್ಲ.

ಉಗುರಿಗೆ ಬಣ್ಣ ಬರಲು ಸುಮಾರು ಹೊತ್ತು ಬೇಕಾಯಿತು.

“ಇನ್ನು ಯಾವುದಕ್ಕೂ ಗಂಜಿ ಹಾಕುವುದಿಲ್ಲ” ಎಂದರು ಸಫಿಯಮ್ಮ.

“ಶರ್ಟಿಗೆ ಹಾಕು ಮಾರಾಯ್ತಿ. ಮಗಳ ಮನೆಗೆ ನಾನು ಮುದುಡಿಕೊಂಡು ಹೋಗುವುದಾ?”

ರಸ್ತೆ ಇನ್ನೂ ತೆರೆದಿರಲಿಲ್ಲ. ಉಮ್ಮರ್ ಬಕೆಟ್ಟಿಗೆ ನೀರು ಹೊಯ್ದು, ಬೈರಾಸನ್ನು ಮೂರು ಸಲ ಜಾಲಾಡಿ ಹಿಂಡಿ, ಬಸ್ಸಿನ ಕಿಟಕಿಯ ಸರಳಿಗೆ ಒಣಹಾಕಿದರು.