ತಲೆಯೆಣ್ಣೆ ಹೋಗಿ ನೀರಿಗೆ ಸೇರಿದ್ದು

ಬನಶಂಕರಮ್ಮನಾಣೆ, ಈ ಸಲ ಒಂದಕ್ಷರಾನೂ ಸುಳ್ಳಿಲ್ಲ ಅಂತ ಮೊಮ್ಮಗಳಿಗೆ ಮೊದ್ಲೇ ಹೇಳ್ಬಿಟ್ಟೆ.

ಜೆಪಿ ನಗರದ ಒಂದು ಲ್ಯಾಬಲ್ಲಿ ಅಟೆಂಡರ್ ಆಗಿದ್ದೆ. ಅಲ್ಲಿ ಪಿಎಚ್‌ಡಿ ಮಾಡ್ತಿದ್ದ ಶುಭಾ, ತಟ್ಟೆ ನೀರಿನ ಮೇಲೆ ಕೊಬ್ಬಿನ ತೆಳು ಪದರ ಹರಡಿ, ಕೆಳಗಿಂದ ಪಾಲಿಮರ್ ಬಿಟ್ರೆ ಅದು ಪದರದೊಳಗೆ ನುಗ್ಗುತ್ತಾ ಅಂತ ನೋಡ್ತಿದ್ಲು. ನುಗ್ಗಿದ್ರೆ ಕಂಪ್ಯೂಟರಲ್ಲಿ ಪದರದ ಒತ್ತಡ ತೋರಿಸೋ ಗೆರೆ ಏರ್ಬೇಕು. ಆದ್ರೆ ಮೂರು ದಿನದಿಂದ ಪಾಲಿಮರ್ ಹಾಕೋ ಮುಂಚೇನೇ ಏರ್ತಿತ್ತು. ಸಂಜೆ ಗೈಡ್‌ಗೆ ರಿಸಲ್ಟ್ ತೋರಿಸ್ಬೇಕಿತ್ತು. ಪಾಪ, ಅಳೋದೊಂದು ಬಾಕಿ.

"ಅಂಕಲ್, ತಟ್ಟೆ ಚೆನ್ನಾಗಿ ತೊಳೆದ್ರಾ?"

"ಫಳಫಳ ಅಂತ ಹೊಳೀತಿದೆ ನೋಡಮ್ಮ."

"ಗ್ಲೌಸ್ ಹಾಕಿದ್ರಾ?"

"ತಟ್ಟೆ ತೊಳೆಯೋಕೆ ಗ್ಲೌಸ್ ಯಾಕಮ್ಮ?" ಅಂತ ತಲೆ ಕೆರ್ಕೊಂಡೆ. ಕೊಬ್ಬರಿ ಎಣ್ಣೆ ಬೆರಳಿಗೆ ಮೆತ್ತಿತು. ಅವಳು ನನ್ನ ಬೆರಳು ನೋಡಿದ್ಲು, ತಲೆ ನೋಡಿದ್ಲು.

"ಅಯ್ಯೋ ಅಂಕಲ್! ಮೂರು ದಿನದಿಂದ ನಿಮ್ಮ ತಲೆ ಮೇಲೆ ರಿಸರ್ಚ್ ಮಾಡ್ತಿದ್ದೀನಿ!"

ಗ್ಲೌಸ್ ಹಾಕ್ಕೊಂಡು ಮತ್ತೆ ತೊಳೆದೆ. ಈಗ ಪಾಲಿಮರ್ ಬಿಟ್ಟಮೇಲೇನೇ ಗೆರೆ ಏರ್ತು. ಹುಡುಗಿ ಕುಣಿದಾಡಿಬಿಟ್ಲು.

"ಕೊಬ್ಬಿನ ಅಣುಗಳ ಮಧ್ಯೆ ಪಾಲಿಮರ್ ಹೇಗೆ ನುಗ್ತು ಗೊತ್ತಾ?" ಅಂತ ಮೊಮ್ಮಗಳನ್ನ ಕೇಳ್ದೆ. " ಬಿಟಿಎಂ ಲೇಔಟ್ ಬಸ್ಸಿಗೆ ಜನ ನುಗ್ಗಿದ ಹಾಗೆ. ಬರಿಗಣ್ಣಲ್ಲಿ ನೋಡಿದ್ದೀನಿ."

"ತಾತ, ಅಣು ಬರಿಗಣ್ಣಿಗೆ ಕಾಣುತ್ತಾ?"

"ಕನ್ನಡಕ ಹಾಕಿದ್ದೆ ಕಣೇ."